ಯೂತ್ ಅಫೆಂಡಿಂಗ್ ಸರ್ವೀಸ್ ಆಫೀಸಿಗೆ ಹುಡುಗ ಚಾಕು ತಂದ್ರೆ ಏನ್ಮಾಡ್ಬೇಕು: ಇಂಗ್ಲೆಂಡ್, ವೇಲ್ಸ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಮಾರ್ಗದರ್ಶಿ

ಇಂಗ್ಲೆಂಡ್ ಕಡೆ ಸೋಶಿಯಲ್ ವರ್ಕರ್ ಆಗಿ ಬಂದಿರೋ ನಮ್ಮವರು, ಕೌನ್ಸಿಲ್ ಆಫೀಸಲ್ಲಿ ರಿಸೆಪ್ಶನ್ ಕೆಲಸಕ್ಕೆ ಸೇರಿದವರು, ಸಂಜೆ ಹೊತ್ತು ವಾಲಂಟಿಯರ್ ಆಗಿ ಪ್ಯಾನೆಲ್‌ನಲ್ಲಿ ಕೂರೋರು, ಎಲ್ರೂ ಸುತ್ತಿ ಬಳಸಿ ಕೇಳೋದು ಒಂದೇ. ಬರೋ ಹುಡುಗನ ಬ್ಯಾಗಲ್ಲಿ ಚಾಕು ಇದ್ರೆ ಏನ್ಮಾಡ್ಲಿ, ಚೆಕ್ ಮಾಡ್ಬೋದಾ, ಕಿತ್ಕೋಬೇಕಾ, ಪೊಲೀಸಿಗೆ ಹೇಳಿದ್ರೆ ಆ ಮಗು ಇನ್ನೊಂದ್ಸಲ ನಮ್ಮನ್ನ ನಂಬುತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ಉದ್ದ ಇದೆ, ಆದ್ರೂ ಪೂರ್ತಿ ಓದಿ, ಯಾಕಂದ್ರೆ ಈ ವಿಷಯದಲ್ಲಿ ಅರ್ಧಂಬರ್ಧ ತಿಳ್ಕೊಂಡು ಧೈರ್ಯ ಮಾಡಿ ಕೈ ಹಾಕೋದೇ ದೊಡ್ಡ ಅಪಾಯ.

ಹೊಸಬರಿಗೆ ಒಂದೆರಡು ಮಾತು. ಯೂತ್ ಅಫೆಂಡಿಂಗ್ ಸರ್ವೀಸ್ ಅಂದ್ರೆ ಕಾನೂನಿನ ಜೊತೆ ಸಿಕ್ಕಾಕೊಂಡಿರೋ 10ರಿಂದ 17 ವರ್ಷದ ಮಕ್ಕಳ ಜೊತೆ ಕೆಲಸ ಮಾಡೋ ಕೌನ್ಸಿಲ್ ತಂಡ, 1998ರ ಕ್ರೈಮ್ ಅಂಡ್ ಡಿಸಾರ್ಡರ್ ಕಾಯ್ದೆಯಿಂದ ಹುಟ್ಟಿದ್ದು. ಒಂದೇ ತಂಡದಲ್ಲಿ ಸೋಶಿಯಲ್ ವರ್ಕರ್, ಪೊಲೀಸ್, ಪ್ರೊಬೇಶನ್ (ಶಿಕ್ಷೆ ಆದವರ ಮೇಲ್ವಿಚಾರಣೆ ಮಾಡೋ ಇಲಾಖೆ), ಆರೋಗ್ಯ, ಶಿಕ್ಷಣ ಎಲ್ಲಾ ಕಡೆಯವರೂ ಇರ್ತಾರೆ. ಈಗ ತುಂಬಾ ಕಡೆ ಬೋರ್ಡ್ ಮೇಲೆ ಯೂತ್ ಜಸ್ಟೀಸ್ ಸರ್ವೀಸ್ ಅಂತ ಇರುತ್ತೆ, ಎರಡೂ ಒಂದೇ. ನಮ್ಮ ಕರ್ನಾಟಕದಲ್ಲಿ ಬಾಲ ನ್ಯಾಯ ಮಂಡಳಿ ಮಕ್ಕಳನ್ನ ಕಳ್ಸೋ ವೀಕ್ಷಣಾಲಯ ಇದ್ಯಲ್ಲ, ಅದನ್ನ ಮನಸ್ಸಲ್ಲಿ ಇಟ್ಕೊಂಡು ಬಂದ್ರೆ ಇಲ್ಲಿ ತಲೆ ಕೆಡುತ್ತೆ, ಯಾಕಂದ್ರೆ ಅಲ್ಲಿ ಮಕ್ಕಳು ಒಳಗೇ ಇರ್ತಾರೆ, ಇಲ್ಲಿ ಮನೇಲಿದ್ದು ಅಪಾಯಿಂಟ್‌ಮೆಂಟಿಗೆ ಬಸ್ ಹತ್ತಿ ಬಂದು ಹೋಗ್ತಾರೆ. ಬೀಗ ಇಲ್ಲ, ಗೇಟ್ ಇಲ್ಲ. ಅದಕ್ಕೇ ಇಲ್ಲಿ ಭದ್ರತೆ ಅನ್ನೋದು ಬಾಗಿಲಲ್ಲಿ ನಿಲ್ಸೋ ಮಷೀನಿಗಿಂತ ಜಾಸ್ತಿ, ಯಾವ ಮಗು ಯಾವಾಗ ಯಾವ ದಾರೀಲಿ ಬರುತ್ತೆ ಅನ್ನೋ ಲೆಕ್ಕಾಚಾರದ ಮೇಲೆ ನಿಂತಿದೆ. ನಾನು ಮತ್ತೆ ಮತ್ತೆ ಹೇಳೋದೂ ಇದನ್ನೇ. ಚಾಕು ಇಟ್ಕೊಂಡು ಓಡಾಡೋ ಮಕ್ಕಳಲ್ಲಿ ತುಂಬಾ ಜನ ಹೆದರಿಕೊಂಡಿರೋ ಮಕ್ಕಳು. ಆ ಹೆದರಿಕೆಗೆ ನಮ್ಮ ಆಫೀಸೇ ಕಾರಣ ಆಗಬಾರದು.

ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಕಾನೂನು ಬೇರೆ, ಅಲ್ಲಿರೋರು ಇದನ್ನ ಹಾಗೇ ಅನ್ವಯಿಸಬೇಡಿ.

1. ಕಾನೂನು, ಬೇಕಾದಷ್ಟು ಮಾತ್ರ

ಸಾರ್ವಜನಿಕ ಜಾಗದಲ್ಲಿ ಆಯುಧ ಇಟ್ಕೊಳ್ಳೋದು 1953ರ ಪ್ರಿವೆನ್ಶನ್ ಆಫ್ ಕ್ರೈಮ್ ಕಾಯ್ದೆ ಪ್ರಕಾರ ಅಪರಾಧ. ಚೂಪಾದ್ದು, ಬ್ಲೇಡ್ ಇರೋದು ಅಂದ್ರೆ 1988ರ ಕ್ರಿಮಿನಲ್ ಜಸ್ಟೀಸ್ ಕಾಯ್ದೆಯ ಸೆಕ್ಷನ್ 139. ಇದ್ರಲ್ಲಿ ಒಂದು ರಿಯಾಯಿತಿ ಇದೆ, 3 ಇಂಚು ಮೀರದ ಅಲಗಿನ, ಮಡಚೋ ಚಾಕು ಆದ್ರೆ ಪರವಾಗಿಲ್ಲ. ಆದ್ರೆ ಬಿಚ್ಚಿದ ಮೇಲೆ ಲಾಕ್ ಆಗೋ ಚಾಕುವಿಗೆ ಈ ರಿಯಾಯಿತಿ ಇಲ್ಲ, ಅಲಗು ಎಷ್ಟೇ ಚಿಕ್ಕದಿರಲಿ. ಕೀ ಬಂಚಲ್ಲಿ ಲಾಕ್ ಆಗೋ ಮಲ್ಟಿಟೂಲ್ ನೇತಾಕೊಂಡಿರೋ ಸ್ಟಾಫ್ ಇದಾರೆ, ದಯವಿಟ್ಟು ಮನೇಲಿಡಿ. ಹಾಗೇ ಊಟದ ಡಬ್ಬಿ ಜೊತೆ ಹಣ್ಣು ಹೆಚ್ಚೋಕೆ ಅಂತ ಚಾಕು ಹಾಕ್ಕೊಂಡು ಬರೋ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ಮಡಚದ ಚಾಕುವಿಗೂ ರಿಯಾಯಿತಿ ಇಲ್ಲ, ಸರಿಯಾದ ಕಾರಣ ನೀವೇ ತೋರಿಸ್ಬೇಕು, ಮತ್ತೆ ಆ ಬ್ಯಾಗ್ ಈ ಆಫೀಸಿನ ಕುರ್ಚಿ ಮೇಲೆ ಬಿದ್ದಿರುತ್ತೆ ಅನ್ನೋದು ಇನ್ನೂ ದೊಡ್ಡ ಸಮಸ್ಯೆ. ಹಣ್ಣು ಮನೇಲೇ ಹೆಚ್ಕೊಂಡು ಬನ್ನಿ.

ಕೆಲವು ಆಯುಧಗಳನ್ನ ಮನೆ ಒಳಗೆ ಇಟ್ಕೊಂಡ್ರೂ ಅಪರಾಧ. ಜಾಂಬಿ ಸ್ಟೈಲ್ ಚಾಕು ಮಚ್ಚುಗಳು 2024ರ ಸೆಪ್ಟೆಂಬರ್ 24ರಿಂದ ಈ ಪಟ್ಟಿಗೆ ಬಂದ್ವು, ನಿಂಜಾ ಕತ್ತಿ 2025ರ ಆಗಸ್ಟ್ 1ರಿಂದ. ಆಸಿಡ್ ತರದ ಸುಡೋ ದ್ರವ ಹೊರಗಡೆ ಇಟ್ಕೊಂಡು ಓಡಾಡೋದೂ 2019ರ ಅಫೆನ್ಸಿವ್ ವೆಪನ್ಸ್ ಕಾಯ್ದೆ ಪ್ರಕಾರ ಅಪರಾಧ. ಇದು ಯಾಕೆ ಹೇಳ್ತಿದೀನಿ ಅಂದ್ರೆ ಜ್ಯೂಸ್ ಬಾಟಲಲ್ಲಿ, ಕ್ರೀಡಾ ನೀರಿನ ಬಾಟಲಲ್ಲಿ ತುಂಬಿಸಿಕೊಂಡು ಬರ್ತಾರೆ, ನೋಡಿದ್ರೆ ಗೊತ್ತಾಗಲ್ಲ.

16, 17 ವರ್ಷದ ಮಗು ಚಾಕು ಕೇಸಲ್ಲಿ ಎರಡನೇ ಸಲ ತಪ್ಪಿತಸ್ಥ ಅಂತಾದ್ರೆ, ಅಪರೂಪದ ಕಾರಣ ಇಲ್ಲದಿದ್ರೆ ಕನಿಷ್ಠ 4 ತಿಂಗಳ ಕಸ್ಟಡಿ ಆದೇಶ ಬರುತ್ತೆ. ಅದಕ್ಕೇ ಮಗುವಿಗೆ "ಕೊಟ್ಬಿಡು, ಏನೂ ಆಗಲ್ಲ" ಅಂತ ಯಾವತ್ತೂ ಹೇಳಬೇಡಿ. ಆಗುತ್ತೆ. ಸುಳ್ಳು ಹೇಳಿ ಕೊಡಿಸಿಕೊಂಡ್ರೆ ಆ ಮಗು ಮುಂದೆ ಯಾವ ದೊಡ್ಡವರಿಗೂ ಬಾಯಿ ಬಿಡಲ್ಲ.

ಸಿಖ್ಖರು ಧರ್ಮದ ಗುರುತಾಗಿ ಧರಿಸೋ ಕತ್ತಿ, ಕಿರ್ಪಾನ್, ಬೇರೆ ವಿಷಯ, ಧಾರ್ಮಿಕ ಕಾರಣಕ್ಕೆ ಕಾನೂನಲ್ಲೇ ರಕ್ಷಣೆ ಇದೆ. ಅಮೃತಧಾರಿ, ಅಂದ್ರೆ ದೀಕ್ಷೆ ತಗೊಂಡ ಸಿಖ್, ಮಗುವೋ ಸಹೋದ್ಯೋಗಿಯೋ ಇದ್ರೆ ಮ್ಯಾನೇಜರ್ ಮೊದಲೇ ಕೂತು ಮಾತಾಡಿ ಬರೆದಿಟ್ಕೋಬೇಕು, ರಿಸೆಪ್ಶನಲ್ಲಿ ನಾಲ್ಕು ಜನರ ಎದುರು ತನಿಖೆ ಮಾಡೋದು ಅವಮಾನ. ಕೊಡಗಿನವರು ಕೇಳಿದ್ರು ಅಂತ ಹೇಳ್ತೀನಿ, ಪೀಚೆಕತ್ತಿ ಮದುವೆಮನೆಗೆ ಚೆನ್ನ, ಈ ಆಫೀಸಿನ ಹಬ್ಬದ ಕಾರ್ಯಕ್ರಮಕ್ಕೆ ಮಾತ್ರ ಬೇಡ.

2. ಕೆಲಸ ಶುರು ಮಾಡೋ ಮುಂಚೆ ಕೇಳಿ ತಿಳ್ಕೊಳ್ಳಿ

1974ರ ಹೆಲ್ತ್ ಅಂಡ್ ಸೇಫ್ಟಿ ಕಾಯ್ದೆ ಪ್ರಕಾರ ನಿಮ್ಮನ್ನೂ, ಬರೋ ಮಕ್ಕಳನ್ನೂ, ವಾಲಂಟಿಯರ್‌ಗಳನ್ನೂ ಕಾಪಾಡೋ ಜವಾಬ್ದಾರಿ ಕೌನ್ಸಿಲ್‌ದು. ರಿಸ್ಕ್ ಅಸೆಸ್‌ಮೆಂಟ್, ಅಂದ್ರೆ ಯಾವ ಅಪಾಯ ಬರಬಹುದು ಅದಕ್ಕೆ ಏನು ವ್ಯವಸ್ಥೆ ಅಂತ ಬರೆದಿಡೋದು, ಇದನ್ನ ಮಾಡಲೇಬೇಕು. "ವೆಪನ್ಸ್ ಪ್ರೋಟೋಕಾಲ್ (ಆಯುಧ ಕಂಡ್ರೆ ಏನ್ಮಾಡ್ಬೇಕು ಅಂತ ಬರೆದಿಟ್ಟ ನಿಯಮ) ಎಲ್ಲಿದೆ, ತೋರಿಸಿ" ಅಂತ ಮೊದಲ ವಾರದಲ್ಲೇ ಕೇಳಿ. ಹೊಸದಾಗಿ ಬಂದಿದೀವಿ, ವೀಸಾ ಮೇಲಿದೀವಿ, ಪ್ರಶ್ನೆ ಕೇಳಿದ್ರೆ ಏನಂದ್ಕೋತಾರೋ ಅಂತ ನಮ್ಮವರು ಸುಮ್ಮನಾಗಿಬಿಡ್ತಾರೆ, ಇದ್ರಲ್ಲಿ ಸುಮ್ಮನಿರಬೇಡಿ.

ಗೊತ್ತಿರಲೇಬೇಕಾದ್ದು ಇಷ್ಟು: ಅವತ್ತಿನ ಡ್ಯೂಟಿ ಮ್ಯಾನೇಜರ್ ಯಾರು, ಪ್ಯಾನಿಕ್ ಅಲಾರಂ ಒತ್ತಿದ್ರೆ ಎಲ್ಲಿ ಸದ್ದಾಗುತ್ತೆ ಯಾರು ಓಡಿ ಬರ್ತಾರೆ, ಅನುಮಾನ ಬರದ ಹಾಗೆ ಸಹಾಯ ಕರೆಯೋ ಗುಟ್ಟಿನ ಮಾತು ಯಾವುದು, ಸಂಜೆ 5ರ ಮೇಲೆ ಕಟ್ಟಡದಲ್ಲಿ ಯಾರ್ಯಾರು ಇರ್ತಾರೆ. ಕೊನೇದು ಪ್ಯಾನೆಲ್ ವಾಲಂಟಿಯರ್‌ಗಳಿಗೆ ತುಂಬಾ ಮುಖ್ಯ. ರೆಫರಲ್ ಆರ್ಡರ್ ಪ್ಯಾನೆಲ್ ಅಂದ್ರೆ ಕೋರ್ಟ್ ಕಳಿಸಿದ ಮಗು, ಅವರ ಮನೆಯವರು, ಇಬ್ಬರು ಸಮುದಾಯದ ವಾಲಂಟಿಯರ್, ಒಬ್ಬರು ಸ್ಟಾಫ್ ಕೂತು ಒಪ್ಪಂದ ಮಾಡ್ಕೊಳ್ಳೋ ಸಭೆ. ಇದು ಹೆಚ್ಚಾಗಿ ಸಂಜೆ ನಡೆಯುತ್ತೆ, ಆಗ ರಿಸೆಪ್ಶನ್ ಖಾಲಿ. ತಂಡದಲ್ಲಿ ಪೊಲೀಸ್ ಇದಾರಲ್ಲ ಅಂತ ಧೈರ್ಯ ಬೇಡ, ಅವರೂ ಎಷ್ಟೋ ಹೊತ್ತು ಹೊರಗಡೆ ಇರ್ತಾರೆ.

3. ಕಟ್ಟಡ ಒಂದು ಸುತ್ತು ಹಾಕಿ

ಹೊರಗಿಂದ ಬರೋ ಚಾಕುವಿನ ಬಗ್ಗೆ ಎಲ್ರೂ ಯೋಚಿಸ್ತಾರೆ, ಒಳಗಿರೋದನ್ನ ಮರೀತಾರೆ. ಅಡುಗೆ ಸೆಷನ್ ಮಾಡೋ ಕಿಚನ್, ಕ್ರಾಫ್ಟ್ ರೂಮಿನ ಕತ್ತರಿ, ಕಟರ್, ರಿಪರೇಶನ್ ಕೆಲಸದ ತೋಟದ ಸಾಮಾನು (ರಿಪರೇಶನ್ ಅಂದ್ರೆ ತಪ್ಪಿಗೆ ಪರಿಹಾರವಾಗಿ ಮಗು ಮಾಡೋ ಸಮುದಾಯದ ಕೆಲಸ), ಎಲ್ಲಾ ಬೀಗದ ಕಪಾಟಲ್ಲಿ ಇರಬೇಕು. ಕಪಾಟಿನ ಒಳಗೆ ಒಂದೊಂದು ಸಾಮಾನಿನ ಆಕಾರ ಬರೆದು ಅದೇ ಜಾಗದಲ್ಲಿ ನೇತಾಕಿದ್ರೆ ಖಾಲಿ ಜಾಗ ನೋಡಿದ ತಕ್ಷಣ ಯಾವುದು ಇಲ್ಲ ಅಂತ ಗೊತ್ತಾಗುತ್ತೆ. ಸೆಷನ್ ಮುಗಿದ ಮೇಲೆ, ಮಕ್ಕಳು ರೂಮಲ್ಲಿ ಇರೋವಾಗ್ಲೇ ಎಣಿಸಿ. ಅವರು ಹೋದ ಮೇಲೆ ಎಣಿಸಿ ಪ್ರಯೋಜನ ಇಲ್ಲ.

ಮೀಟಿಂಗ್ ರೂಮಲ್ಲಿ ನಿಮ್ಮ ಕುರ್ಚಿ ಬಾಗಿಲ ಹತ್ರ ಇರಲಿ, ಆದ್ರೆ ಮಗುವಿನ ದಾರಿಗೆ ಅಡ್ಡ ಆಗೋ ಹಾಗಲ್ಲ. ಹೆದರಿದ ಮಗುವಿಗೆ ಹೊರಗೆ ಹೋಗೋಕೆ ದಾರಿ ಕಾಣ್ಬೇಕು, ಇಬ್ಬರಿಗೂ ದಾರಿ ಇರೋ ರೂಮೇ ಒಳ್ಳೇ ರೂಮ್. ಬಿಸಿ ನೀರಿನ ಕೆಟಲ್ ರೂಮಲ್ಲಿ ಬೇಡ.

ಹೊರಗಡೆ ಬೆಳಿಗ್ಗೆ ಒಂದ್ಸಲ, ಗ್ರೂಪ್ ಸೆಷನ್ ಮುಂಚೆ ಒಂದ್ಸಲ ಪೊದೆ, ಕಸದ ಡಬ್ಬಿ ಹಿಂದೆ, ಪೈಪಿನ ಸಂದಿ, ನಿಂತಿರೋ ಕಾರಿನ ಚಕ್ರದ ಮೇಲೆ ಕಣ್ಣಾಡಿಸಿ. ಒಳಗೆ ಬರೋ ಮುಂಚೆ ಅಲ್ಲಿ ಬಚ್ಚಿಟ್ಟು ಹೋಗೋವಾಗ ತಗೊಳ್ಳೋದು ತುಂಬಾ ಮಾಮೂಲಿ. ಕಣ್ಣಾಡಿಸಿ ಅಂದೆ, ಕೈಯಾಡಿಸಿ ಅನ್ನಲಿಲ್ಲ. ಪೊದೆಯೊಳಗೆ ಕೈ ಹಾಕಬೇಡಿ.

ಇನ್ನೊಂದು ನನ್ನ ಗಟ್ಟಿ ಅಭಿಪ್ರಾಯ. ಗೋಡೆ ಮೇಲೆ ಚಾಕುಗಳ ಫೋಟೋ ಇರೋ ಪೋಸ್ಟರ್ ಇದ್ರೆ ಕಿತ್ತಾಕಿ. ದೊಡ್ಡ ದೊಡ್ಡ ಚಾಕು ನೋಡಿದ ಮಗು "ಎಲ್ರ ಹತ್ರಾನೂ ಇದೆ, ನನ್ನ ಹತ್ರ ಮಾತ್ರ ಇಲ್ಲ" ಅಂದ್ಕೊಳ್ಳುತ್ತೆ. ಅರಿವಿನ ಪಾಠಕ್ಕೆ ಅಂತ ನಿಜವಾದ ಚಾಕು ತಂದು ತೋರಿಸೋದಂತೂ ಬೇಡವೇ ಬೇಡ.

4. ಯಾರಿಗೆ ಯಾರು ಎದುರಾಗ್ತಾರೆ ಅನ್ನೋ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಹಂತ ಇದು, ಜನ ಬೇಗ ಬೇಗ ದಾಟಿ ಹೋಗೋದೂ ಇದನ್ನೇ. ಒಂದು ಏರಿಯಾದ ಹುಡುಗರಿಗೂ ಇನ್ನೊಂದು ಏರಿಯಾದವರಿಗೂ ಜಗಳ ಇರುತ್ತೆ, ಕೆಲವೊಮ್ಮೆ ಬರೀ ಪೋಸ್ಟ್‌ಕೋಡ್ ಬೇರೆ ಅನ್ನೋ ಕಾರಣಕ್ಕೆ. ಕೋರ್ಟ್ ಇಬ್ಬರನ್ನೂ ಒಂದೇ ಆಫೀಸಿಗೆ ಕಳ್ಸುತ್ತೆ, ನಾವು ಇಬ್ಬರಿಗೂ ಮಂಗಳವಾರ ಮಧ್ಯಾಹ್ನ 4 ಗಂಟೆ ಅಂತ ಲೆಟರ್ ಹಾಕ್ತೀವಿ, ಬರದಿದ್ರೆ ಬ್ರೀಚ್, ಅಂದ್ರೆ ಆದೇಶ ಮುರಿದಿದ್ದಕ್ಕೆ ಮತ್ತೆ ಕೋರ್ಟ್, ಅಂತ ಬೇರೆ ಬರೆದಿರ್ತೀವಿ. ಈಗ ಆ ಮಗುವಿನ ಜಾಗದಲ್ಲಿ ನಿಂತು ನೋಡಿ, ಹೋದ್ರೆ ಹೊಡೀತಾರೆ, ಹೋಗದಿದ್ರೆ ಕೋರ್ಟು, ಇದೆರಡರ ಮಧ್ಯೆ ಸಿಕ್ಕಿದ ಹದಿನೈದು ವರ್ಷದ ಹುಡುಗ ಅಡುಗೆಮನೆಯಿಂದ ಚಾಕು ತಗೊಂಡು ಹೊರಟ್ರೆ ಅದಕ್ಕೆ ನಮ್ಮ ಟೈಮ್‌ಟೇಬಲ್ ಎಷ್ಟು ಕಾರಣ ಅಂತ ನಾವೇ ಕೇಳ್ಕೋಬೇಕು.

ಆದ್ರಿಂದ ಮೊದಲ ಭೇಟೀಲೇ ನೇರವಾಗಿ ಕೇಳಿ. ಯಾವ ಬಸ್ಸಲ್ಲಿ ಬರ್ತೀಯ, ಯಾವ ಸ್ಟಾಪಲ್ಲಿ ಇಳಿಯೋಕೆ ಹೆದರಿಕೆ, ಯಾರು ಇಲ್ಲಿಗೆ ಬಂದ್ರೆ ನಿನಗೆ ಕಷ್ಟ, ನೀನು ಇಲ್ಲಿಗೆ ಬರೋದು ಯಾರಿಗೆ ಗೊತ್ತು. ಹೆಸರು ಹೇಳೋಕೆ ಹಿಂಜರಿದ್ರೆ ಒತ್ತಾಯ ಬೇಡ, ಏರಿಯಾ ಹೇಳಿದ್ರೂ ಸಾಕು. ತಂಡದ ಪೊಲೀಸ್ ಹತ್ರ ಇರೋ ಮಾಹಿತೀನೂ ಸೇರಿಸಿ, ಯಾರಿಗೆ ಯಾರು ಆಗಲ್ಲ ಅನ್ನೋ ಪಟ್ಟಿ ಇಡಿ, ಪ್ರತಿ ವಾರ ತಿದ್ದಿ. ಜಗಳಗಳು ವಾರದಲ್ಲೇ ಬದಲಾಗ್ತವೆ, ಹಳೇ ಪಟ್ಟಿ ನಂಬಿದ್ರೆ ಪಟ್ಟಿ ಇಲ್ಲದಿರೋದಕ್ಕಿಂತ ಅಪಾಯ. ಈ ಪಟ್ಟಿ ಕಂಪ್ಯೂಟರಲ್ಲೇ ಇರಲಿ, ಪ್ರಿಂಟ್ ಹಾಕಿ ರಿಸೆಪ್ಶನ್ ಡೆಸ್ಕ್ ಮೇಲೆ ಬಿಡಬೇಡಿ.

ಅಪಾಯಿಂಟ್‌ಮೆಂಟ್‌ಗಳ ಮಧ್ಯೆ ಅಂತರ ಇಡಿ, ಆಗದವರಿಗೆ ದಿನವೇ ಬೇರೆ ಕೊಡಿ. ಬೇಗ ಬಂದ ಮಗುವನ್ನ ವೇಟಿಂಗ್ ರೂಮಲ್ಲಿ ಕಾಯಿಸದೆ ಒಳಗೆ ಕರ್ಕೊಳ್ಳಿ. ಇನ್ನೊಂದು ಬಾಗಿಲಿದ್ರೆ ಆ ಕಡೆಯಿಂದ ಕಳ್ಸಿ. ಜೊತೆಗೆ ಬಂದ ಫ್ರೆಂಡ್ಸ್ ಹೊರಗೆ ನಿಂತಿದ್ರೆ ಅದನ್ನೂ ಗಮನಿಸಿ, ತೊಂದರೆ ಶುರುವಾಗೋದು ಎಷ್ಟೋ ಸಲ ಅವರಿಂದ. ಹುಡುಗಿಯರನ್ನ ಯಾರೂ ಅನುಮಾನಿಸಲ್ಲ ಅಂತ ಅವರ ಬ್ಯಾಗಲ್ಲಿ ಚಾಕು ಇಟ್ಟು ಕಳ್ಸೋರಿದಾರೆ, ಆ ಹುಡುಗಿಗೂ ಅದು ಬೇಡವಾಗಿರುತ್ತೆ. ಫೋನಲ್ಲಿ ಮ್ಯಾಪ್ ಮೇಲೆ ತಾನೆಲ್ಲಿದೀನಿ ಅಂತ ಎಲ್ರಿಗೂ ತೋರಿಸೋ ಸೆಟ್ಟಿಂಗ್ ಇರುತ್ತೆ, ಬರೋ ಮುಂಚೆ ಆಫ್ ಮಾಡೋದು ಹೇಳಿಕೊಡಿ. ನೊಂದವರ ಕಡೆಯವರು ರಾಜಿ ಮಾತುಕತೆಗೆ ಬರೋ ದಿನ ಬೇರೆ ಮಕ್ಕಳಿಗೆ ಟೈಮ್ ಕೊಡಬೇಡಿ.

"ಅಲ್ಲಿಗೆ ಬರೋಕೆ ಆಗಲ್ಲ" ಅಂತ ಮಗು ಹೇಳಿದ್ರೆ ಅದನ್ನ ನೆಪ ಅಂತ ತಳ್ಳಿಹಾಕಬೇಡಿ. ಸ್ಕೂಲಲ್ಲಿ, ಅವರ ಕಡೆಯ ಲೈಬ್ರರೀಲಿ, ಮನೇಲಿ ಭೇಟಿ ಮಾಡೋಕಾಗುತ್ತೆ. ಕಾರಣ ಬರೆದಿಡಿ, ಮ್ಯಾನೇಜರ್ ಒಪ್ಪಿಗೆ ತಗೊಳ್ಳಿ.

5. ಹುಡುಕೋ ಅಧಿಕಾರ ನಿಮಗಿದ್ಯಾ?

ಇಲ್ಲ. ಎಲ್ರೂ ಎಡವೋದು ಇಲ್ಲೇ. ಪೊಲೀಸರಿಗಿದೆ, ಸ್ಕೂಲ್ ಹೆಡ್ ಮತ್ತು ಅವರು ಒಪ್ಪಿದ ಸ್ಟಾಫಿಗೆ ಇದೆ, ಕೋರ್ಟಿನ ಸೆಕ್ಯುರಿಟಿಯವರಿಗೆ 2003ರ ಕೋರ್ಟ್ಸ್ ಕಾಯ್ದೆಯಿಂದ ಇದೆ, ಅಟೆಂಡೆನ್ಸ್ ಸೆಂಟರ್‌ಗಳಿಗೆ 2006ರ ವಯಲೆಂಟ್ ಕ್ರೈಮ್ ರಿಡಕ್ಷನ್ ಕಾಯ್ದೆಯ ಸೆಕ್ಷನ್ 47ರಿಂದ ಇದೆ. ಅಟೆಂಡೆನ್ಸ್ ಸೆಂಟರ್ ಅಂದ್ರೆ ಕೋರ್ಟ್ ಹೇಳಿದಷ್ಟು ಗಂಟೆ ಬಂದು ಕೂರಬೇಕಾದ ಕೇಂದ್ರ. ಮಾಮೂಲಿ ಆಫೀಸಲ್ಲಿ ಕೂರೋ ಸ್ಟಾಫಿಗೆ, ವಾಲಂಟಿಯರ್‌ಗೆ ಒಪ್ಪಿಗೆ ಇಲ್ಲದೆ ಜೇಬು ತಡಕೋ, ಬ್ಯಾಗ್ ತೆಗೆಯೋ ಅಧಿಕಾರ ಇಲ್ಲ. ಸ್ಕೂಲಲ್ಲಿ ಕೆಲಸ ಮಾಡಿ ಬಂದವರು ಆ ಅಭ್ಯಾಸದಲ್ಲೇ ಬ್ಯಾಗಿಗೆ ಕೈ ಹಾಕಿಬಿಡ್ತಾರೆ, ಹಾಗೆ ಮಾಡಬೇಡಿ.

ಹಾಗಾದ್ರೆ ಏನು ಮಾಡ್ಬೋದು? ಬ್ಯಾಗ್, ಜಾಕೆಟ್ ಇಡೋಕೆ ಲಾಕರ್ ಇಟ್ಟು, ಬರೋ ಎಲ್ರೂ, ಅಪ್ಪ ಅಮ್ಮನೂ, ಅಲ್ಲೇ ಇಟ್ಟು ಒಳಗೆ ಬರಬೇಕು ಅನ್ನೋ ನಿಯಮ ಮಾಡ್ಬೋದು, ಇದ್ರಲ್ಲಿ ಯಾರನ್ನೂ ಹುಡುಕೋ ಪ್ರಶ್ನೆ ಬರಲ್ಲ. ಕೆಲವು ಕಡೆ ಒಪ್ಪಿಗೆ ಮೇಲೆ ಮೆಟಲ್ ಡಿಟೆಕ್ಟರ್ ಕೋಲು ಆಡಿಸ್ತಾರೆ, ಅಥವಾ ನೈಫ್ ಆರ್ಚ್ ಅಂತ ಬಾಗಿಲ ಚೌಕಟ್ಟಿನ ಹಾಗಿರೋದನ್ನ ನಿಲ್ಲಿಸ್ತಾರೆ. ಮಷೀನಿಗೆ ಬೆಲ್ಟು, ಕೀ, ಫೋನ್ ಎಲ್ಲಾ ಚಾಕುವೇ, ಬಾಟಲಲ್ಲಿರೋ ಆಸಿಡ್ ಮಾತ್ರ ಕಾಣಲ್ಲ, ಮತ್ತೆ ಚಾಕು ಇದ್ದವನು ಅದನ್ನ ಹೊರಗೆ ಪೊದೇಲಿಟ್ಟು ಬರ್ತಾನೆ. ಮಷೀನ್ ಇಡ್ಲೇಬೇಕು ಅಂತಾದ್ರೆ ಎಲ್ರಿಗೂ ಒಂದೇ ನಿಯಮ ಇರಲಿ, "ಇವನ ಮೇಲೆ ಅನುಮಾನ" ಅಂತ ಆರಿಸೋಕೆ ಹೋದ್ರೆ ಕೊನೆಗೆ ನಿಲ್ಲೋದು ಕಪ್ಪು ಮಕ್ಕಳೇ. ನ್ಯಾಯ ವ್ಯವಸ್ಥೆ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಜನಾಂಗದವರನ್ನ ಹೇಗೆ ನಡೆಸಿಕೊಳ್ಳುತ್ತೆ ಅಂತ ಡೇವಿಡ್ ಲ್ಯಾಮಿ 2017ರಲ್ಲಿ ಕೊಟ್ಟ ವರದಿ ಇದೆ, ಬಿಡುವು ಮಾಡ್ಕೊಂಡು ಓದಿ.

ಮಗು ಒಪ್ಪದಿದ್ರೆ? ಮೀಟಿಂಗ್ ರೂಮಿಗೆ ಕರ್ಕೊಂಡು ಹೋಗಬೇಡಿ, ಹಾಗಂತ "ಹೋಗು" ಅಂತ ಬೀದಿಗೂ ತಳ್ಳಬೇಡಿ. ಡ್ಯೂಟಿ ಮ್ಯಾನೇಜರ್ ಕರೆಸಿ, ಜನ ಇಲ್ಲದ ಕಡೆ ದೂರ ನಿಂತು ಮಾತಾಡಿ. ಒಪ್ಪದಿರೋದಕ್ಕೆ ಅವಮಾನ, ಹಳೇ ಅನುಭವ ಎಲ್ಲಾ ಕಾರಣ ಇರಬಹುದು.

6. ಚಾಕು ಇದೆ ಅಂತ ಗೊತ್ತಾದ ಆ ಕ್ಷಣ

ಒಂದು: ಮಗು ತಾನೇ ಮೆಲ್ಲಗೆ "ನನ್ನ ಹತ್ರ ಒಂದಿದೆ" ಅಂತ ಹೇಳ್ತು. ತೋರಿಸು ಅನ್ನಬೇಡಿ, ಕೊಡು ಅಂತ ಕೈ ಚಾಚಬೇಡಿ. "ಹೇಳಿದ್ದು ಒಳ್ಳೇದಾಯ್ತು, ಅದನ್ನ ತೆಗೀಬೇಡ, ಬ್ಯಾಗ್ ಅಲ್ಲೇ ಬಿಡು, ನಾವಿಬ್ರೂ ಪಕ್ಕದ ರೂಮಿಗೆ ಹೋಗೋಣ" ಅನ್ನಿ. ಜೇಬಲ್ಲಿದ್ರೆ ಜಾಕೆಟ್ ಸಮೇತ ಬಿಚ್ಚಿಟ್ಟು ಬರಲಿ. ಬ್ಯಾಗ್ ಬಿಟ್ಟು ಬಂದ ರೂಮಿನ ಬಾಗಿಲಿಗೆ ಬೀಗ ಹಾಕಿ ಮ್ಯಾನೇಜರಿಗೆ ಹೇಳಿ. ಈ ವಿಷಯ ಗುಟ್ಟಾಗಿ ಇಟ್ಕೊಳ್ಳೋಕಾಗಲ್ಲ ಅಂತ ಮಗುವಿಗೆ ಆಗಲೇ ಹೇಳಿ, ಇದು ಮೊದಲ ಭೇಟೀಲೇ ಹೇಳಿರಬೇಕಾದ ಮಾತೂ ಹೌದು.

ಎರಡು: ಚಾಕು ಕಾಣಿಸ್ತು, ಆದ್ರೆ ಯಾರನ್ನೂ ಹೆದರಿಸ್ತಿಲ್ಲ. ಕಿರುಚಬೇಡಿ, ದೂರ ಇರಿ, ಗುಟ್ಟಿನ ಮಾತು ಹೇಳಿ ಸಹಾಯ ಕರೆಸಿ, ಟೇಬಲ್ ಮೇಲೆ ಇಟ್ಟು ಹಿಂದೆ ಸರಿ ಅನ್ನಿ. ಕೈಯಿಂದ ಕೈಗೆ ತಗೊಳ್ಳೋದು ಯಾವ ಕಾರಣಕ್ಕೂ ಬೇಡ.

ಮೂರು: ಬೀಸ್ತಿದಾನೆ, ಹೆದರಿಸ್ತಿದಾನೆ. ಮಾತು ನಿಲ್ಲಿಸಿ ಜನರನ್ನ ಹೊರಗೆ ಕಳ್ಸಿ, ನೀವೂ ಹೊರಡಿ, ಅಲಾರಂ ಒತ್ತಿ, 999ಗೆ ಫೋನ್ ಮಾಡಿ. ಮಾತಾಡೋ ಸ್ಥಿತಿ ಇಲ್ಲದಿದ್ರೆ ಮೊಬೈಲಿಂದ 999 ಒತ್ತಿ, ಕೇಳಿದಾಗ 55 ಒತ್ತಿ, ಆಗ ಪೊಲೀಸಿಗೆ ಕನೆಕ್ಟ್ ಮಾಡ್ತಾರೆ, ಆದ್ರೆ ನೀವೆಲ್ಲಿದೀರ ಅನ್ನೋದು ತಾನಾಗೇ ಗೊತ್ತಾಗಲ್ಲ. ಬಾಗಿಲಿಗೆ ಅಡ್ಡ ನಿಂತು ಹಿಡಿಯೋಕೆ ಹೋಗಬೇಡಿ, ಹೋಗೋನನ್ನ ಹೋಗೋಕೆ ಬಿಡಿ, ಯಾವ ಕಡೆ ಹೋದ ಅಂತ ಮಾತ್ರ ಹೇಳಿ.

ಪೊಲೀಸಿಗೆ ಹೇಳೋವಾಗ ಮಗುವಿನ ವಯಸ್ಸು, ಯಾವ ಆಯುಧ, ಯಾವ ರೂಮು, ಯಾವ ಬಾಗಿಲು, ಯಾರಿಗಾದ್ರೂ ಗಾಯ ಆಗಿದ್ಯಾ ಇಷ್ಟೂ ಹೇಳಿ. ಆಟಿಸಂ ಇದ್ರೆ, ಮಾತು ಅರ್ಥ ಆಗೋದು ನಿಧಾನ ಇದ್ರೆ ಅದನ್ನ ಖಂಡಿತ ಹೇಳಿ, ನಮ್ಮಲ್ಲಿಗೆ ಬರೋ ಮಕ್ಕಳಲ್ಲಿ ಈ ತೊಂದರೆ ತುಂಬಾ ಜನಕ್ಕಿದೆ. ಜೋರಾಗಿ ಕೂಗಿ ಹೇಳಿದ ಆದೇಶ ಅರ್ಥ ಆಗದೆ ನಿಂತ ಮಗುವನ್ನ ಮಾತು ಕೇಳದವನು ಅಂದ್ಕೊಂಡುಬಿಡ್ತಾರೆ. ಒಬ್ಬರು ಬಾಗಿಲಲ್ಲಿ ನಿಂತು ಪೊಲೀಸರನ್ನ ಕರ್ಕೊಂಡು ಬನ್ನಿ.

7. ಬಿಟ್ಟುಹೋದ ಚಾಕು ಸಿಕ್ಕಿದ್ರೆ

ಟಾಯ್ಲೆಟ್ ಫ್ಲಶ್ ಟ್ಯಾಂಕಲ್ಲೋ ಸೋಫಾ ಸಂದೀಲೋ ಸಿಕ್ತು ಅಂದ್ಕೊಳ್ಳಿ. ಮುಟ್ಟಬೇಡಿ, ತೊಳೀಬೇಡಿ, ಡ್ರಾಯರಲ್ಲಿ ಹಾಕಬೇಡಿ, ಕಸಕ್ಕೆ ಎಸೀಬೇಡಿ. ರೂಮು ಮುಚ್ಚಿ, ಒಬ್ಬರು ಕಾಯಲಿ, ಅಪಾಯ ಈಗಲೇ ಇಲ್ಲ ಅಂದ್ರೆ 101ಗೆ ಫೋನ್ ಮಾಡಿ. ಪೊಲೀಸರು ಚೂಪಾದ್ದಕ್ಕೆ ಅಂತಲೇ ಇರೋ ಗಟ್ಟಿ ಟ್ಯೂಬಲ್ಲಿ ಹಾಕಿ ತಗೊಂಡು ಹೋಗ್ತಾರೆ. "ಸ್ಟೇಶನ್ ಪಕ್ಕದಲ್ಲೇ ಇದೆ, ನಾನೇ ಕೊಟ್ಟು ಬರ್ತೀನಿ" ಅಂತ ಹೊರಟ್ರೆ ದಾರೀಲಿ ಚಾಕು ಇಟ್ಕೊಂಡಿರೋರು ನೀವಾಗ್ತೀರ, ಸಾಕ್ಷಿ ಮೇಲೆ ನಿಮ್ಮ ಬೆರಳಚ್ಚೂ ಇರುತ್ತೆ.

8. ಗಾಯ ಆದ್ರೆ

ಮೊದಲು 999. ಚಾಕು ಚುಚ್ಚಿಕೊಂಡೇ ಇದ್ರೆ ಕೀಳಬೇಡಿ, ಅದರ ಅಕ್ಕಪಕ್ಕ ಒತ್ತಿ. ಚಾಕು ಇಲ್ಲದ ಗಾಯಕ್ಕೆ ಬಟ್ಟೆ ಇಟ್ಟು ಬಲವಾಗಿ ಒತ್ತಿ, ನೋಡೋಣ ಅಂತ ಮಧ್ಯೆ ಮಧ್ಯೆ ತೆಗೀಬೇಡಿ. ಬ್ಲೀಡ್ ಕಂಟ್ರೋಲ್ ಕಿಟ್, ಅಂದ್ರೆ ಜೋರು ರಕ್ತಸ್ರಾವ ತಡೆಯೋ ಸಾಮಾನಿನ ಚೀಲ, ಆಫೀಸಲ್ಲಿ ಇದ್ಯಾ ಕೇಳಿ, ಇಲ್ಲದಿದ್ರೆ ತರಿಸಿ. ಆಸಿಡ್ ಆದ್ರೆ ನಿಮ್ಮ ಕೈಗೆ ಗ್ಲೌಸ್ ಹಾಕ್ಕೊಂಡು ಅದು ಬಿದ್ದ ಬಟ್ಟೆ ತೆಗೆಸಿ, ಸಹಾಯ ಬರೋ ತನಕ ನೀರು ಸುರೀತಾ ಇರಿ, ಉಜ್ಜಬೇಡಿ.

9. ಆಮೇಲೆ

ಅವತ್ತೇ ಬರೆದಿಡಿ, ಕಂಡಿದ್ದು ಕೇಳಿದ್ದು ಟೈಮ್ ಸಮೇತ, ಊಹೆ ಬೇಡ. ಕೆಲಸದ ಜಾಗದ ಹಲ್ಲೆಯಿಂದ ಸ್ಟಾಫ್ 7 ದಿನಕ್ಕಿಂತ ಜಾಸ್ತಿ ಮಾಮೂಲಿ ಕೆಲಸ ಮಾಡೋಕಾಗದಿದ್ರೆ ರಿಡ್ಡೋರ್ ಅನ್ನೋ ನಿಯಮದಡಿ ಕೌನ್ಸಿಲ್ ವರದಿ ಮಾಡ್ಬೇಕು, ಮಾಡಿದ್ರಾ ಅಂತ ಕೇಳಿ. ನೀವು ನಡುಗ್ತಾ ಇದ್ರೆ "ನಾನು ಆರಾಮಾಗಿದೀನಿ" ಅಂತ ಮುಂದಿನ ಅಪಾಯಿಂಟ್‌ಮೆಂಟಿಗೆ ಕೂರಬೇಡಿ, ಮನೆಗೆ ಹೋಗೋಕೆ ಜೊತೆ ಕೇಳಿ.

ಮಗುವಿನ ವಿಷಯದಲ್ಲಿ ಪೊಲೀಸ್ ಕೇಸ್ ಒಂದು ದಾರಿ, ರಕ್ಷಣೆ ಇನ್ನೊಂದು ದಾರಿ, ಎರಡೂ ಒಟ್ಟಿಗೆ ನಡೀಬೇಕು. ಯಾರಾದ್ರೂ ಡ್ರಗ್ಸ್ ಸಾಗಿಸೋಕೆ ಬಳಸ್ತಿದಾರಾ, ಸಾಲ ಅಂತ ಹೆದರಿಸ್ತಿದಾರಾ ನೋಡಿ. ಹಾಗಿದ್ರೆ ಕೌನ್ಸಿಲ್‌ನ ಮಕ್ಕಳ ಸೇವಾ ವಿಭಾಗಕ್ಕೆ ರೆಫರಲ್ ಹಾಕಿ, ಮ್ಯಾನೇಜರ್ ಜೊತೆ ನ್ಯಾಶನಲ್ ರೆಫರಲ್ ಮೆಕ್ಯಾನಿಸಂ ಬಗ್ಗೆ ಮಾತಾಡಿ, ಅದು ಶೋಷಣೆಗೆ ಒಳಗಾದವರನ್ನ ಗುರುತಿಸೋ ಸರ್ಕಾರಿ ವ್ಯವಸ್ಥೆ. ಹೆಸರು ಹೇಳದೆ ಮಾಹಿತಿ ಕೊಡಬೇಕು ಅನ್ನೋ ಮನೆಯವರಿಗೆ ಕ್ರೈಮ್‌ಸ್ಟಾಪರ್ಸ್ 0800 555 111, ಯಾರ ಹತ್ರಾನಾದ್ರೂ ಮಾತಾಡಬೇಕು ಅನ್ನೋ ಮಗುವಿಗೆ ಚೈಲ್ಡ್‌ಲೈನ್ 0800 1111 ಕೊಡಿ.

ಅದೇ ವಾರದಲ್ಲಿ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ, ಆ ಮಗು ಅವತ್ತು ಯಾವ ದಾರೀಲಿ ಬಂತು, ವೇಟಿಂಗ್ ರೂಮಲ್ಲಿ ಯಾರಿದ್ರು ಅಂತ ನೋಡಿ. ಮುಂದಿನ ಭೇಟಿಯ ದಿನ, ಟೈಮ್, ಜಾಗ ಮಗುವಿನ ಜೊತೆ ಮಾತಾಡಿಯೇ ಗೊತ್ತು ಮಾಡಿ, ಆಮೇಲೆ ಲೆಟರ್ ಹಾಕಿ.